ಒಂದೇ ಫ್ರೇಮು, ಹಲವು ನಳಿಗೆ: ಕಂಟೆಂಡರ್, ಎಚ್ ಅಂಡ್ ಆರ್, ಸ್ಯಾವೇಜ್ 219

ಮೂರೂ ಅಮೆರಿಕದ ಹಳೆಯ ರೈಫಲ್‌ಗಳು. ಮೂರೂ ನಡುವಿನಲ್ಲಿ ಬಾಗಿ ಬಾಯಿ ತೆರೆಯುತ್ತವೆ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುತ್ತವೆ, ಮೂರರಲ್ಲೂ ಫ್ರೇಮು, ಅಂದರೆ ಟ್ರಿಗರ್ ಇರುವ ಒಡಲು, ಹಾಗೇ ಉಳಿಸಿ ಒಂದು ನಳಿಗೆ ತೆಗೆದು ಇನ್ನೊಂದನ್ನು ಹಾಕಬಹುದು. ಊರಿನಲ್ಲಿ ಒಂಟಿನಳಿಗೆಯ ತೋಟಾಕೋವಿ ಕಂಡವರಿಗೆ ಈ ರಚನೆ ಹೊಸದಲ್ಲ. ಆದರೆ ಚರೆಕೋವಿಯ ಲೆಕ್ಕಾಚಾರವನ್ನು ಇಲ್ಲಿಗೆ ತರಬಾರದು. 12 ಬೋರಿನ ತೋಟಾ ಹುಟ್ಟಿಸುವ ಒತ್ತಡಕ್ಕೆ ನಿಗದಿಯಾದ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು) ಆಸುಪಾಸು; .223 ರೈಫಲ್ ತೋಟಾದ್ದು 55,000. ಚರೆಕೋವಿಯಲ್ಲಿ ನಳಿಗೆ ತುಸು ಅಲ್ಲಾಡಿದರೂ ನಡೆದುಹೋಗುತ್ತದೆ, ರೈಫಲ್‌ನಲ್ಲಿ ನಡೆಯುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಡೆಯಲು, ಒಂದೊಂದಾಗಿ ನಳಿಗೆ ಸೇರಿಸುತ್ತಾ ಹೋಗಲು ಥಾಂಪ್ಸನ್ ಸೆಂಟರ್ ಕಂಟೆಂಡರ್‌ಗೆ ಸಾಟಿಯಿಲ್ಲ. ಹಳೆಯ ವಸ್ತುವಾಗಿ ಇಟ್ಟುಕೊಳ್ಳಲು ಸ್ಯಾವೇಜ್ 219 ಚೆಂದ. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್, ಅಂದರೆ ಎಚ್ ಅಂಡ್ ಆರ್, ತನ್ನದೇ ನಳಿಗೆಗಳ ಜೊತೆ ಸಿಕ್ಕರೆ ಮಾತ್ರ ಕೊಳ್ಳಬಹುದು. ಫ್ರೇಮು ಒಂದು ಕಡೆ, ನಳಿಗೆ ಇನ್ನೊಂದು ಕಡೆ ಕೊಂಡು ಜೋಡಿಸಿಕೊಳ್ಳುತ್ತೇನೆ ಅನ್ನುವವರಿಗೆ ಅದು ಸಲ್ಲದು.

ಕಂಟೆಂಡರ್ 1967ರಲ್ಲಿ ಮಾರುಕಟ್ಟೆಗೆ ಬಂತು. ವಿನ್ಯಾಸ ವಾರನ್ ಸೆಂಟರ್ ಅವರದು, ತಯಾರಿಕೆ ನ್ಯೂಹ್ಯಾಂಪ್‌ಷೈರಿನ ರಾಚೆಸ್ಟರ್‌ನಲ್ಲಿ. ಮೂಲತಃ ಅದು ಪಿಸ್ತೂಲು. ಉದ್ದ ನಳಿಗೆ, ಭುಜಕ್ಕೆ ಒತ್ತಿಕೊಳ್ಳುವ ಹಿಂದಿನ ಬಟ್ಟು ಸೇರಿಸಿದಾಗ ಗಿಡ್ಡ ರೈಫಲ್, ಅಂದರೆ ಕಾರ್ಬೈನ್ ಆಗುತ್ತದೆ. ನಳಿಗೆ ಬದಲಿಸುವ ಕೆಲಸ ನಿಜಕ್ಕೂ ಎರಡು ನಿಮಿಷದ್ದು. ಬಾಯಿ ತೆರೆದು ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ಫೋರೆಂಡಿನ, ಅಂದರೆ ನಳಿಗೆಯಡಿ ಕೈ ಹಿಡಿಯುವ ಮರದ, ಸ್ಕ್ರೂ ಬಿಚ್ಚಬೇಕು. ನಳಿಗೆ ಬಾಗುವ ಕೀಲಿನ ಹಿಂಜ್ ಪಿನ್ನನ್ನು ಹಿತ್ತಾಳೆ ಅಥವಾ ನೈಲಾನ್ ಕಡ್ಡಿಯಿಂದ ತಳ್ಳಿದರೆ ಅದು ಜಾರಿ ಹೊರಬರುತ್ತದೆ, ನಳಿಗೆ ಕೈಗೆ ಬರುತ್ತದೆ. ಹೊಸದನ್ನು ಕೂರಿಸಿ ಅದೇ ಕ್ರಮವನ್ನು ಹಿಂದುಮುಂದಾಗಿ ಮಾಡಿದರೆ ಮುಗಿಯಿತು. ಪಿನ್ನಿಗೆ ಸುತ್ತಿಗೆಯ ಪೆಟ್ಟು ಬೇಕಾಯಿತೆಂದರೆ ಒಳಗೆ ತುಕ್ಕೋ ಕಸವೋ ಇದೆ ಎಂದರ್ಥ. ಹೊಡೆಯುವುದಲ್ಲ, ಎಣ್ಣೆ ಬಿಟ್ಟು ಕಾಯುವುದು.

ಎಕ್ಸ್‌ಟ್ರ್ಯಾಕ್ಟರ್ (ಖಾಲಿ ತೋಟಾ ಹೊರಗೆಳೆಯುವ ಕೊಂಡಿ), ಗುರಿಕಣ್ಣು, ದೂರದರ್ಶಕ ಎಲ್ಲವೂ ನಳಿಗೆಯ ಮೇಲೆಯೇ ಇರುತ್ತವೆ, ಫ್ರೇಮಿನ ಮೇಲಲ್ಲ. ಹಾಗಾಗಿ ತೆಗೆದು ಮತ್ತೆ ಹಾಕಿದರೂ ಗುರಿ ಹೆಚ್ಚುಕಡಿಮೆ ಹಿಂದಿದ್ದಲ್ಲೇ ಇರುತ್ತದೆ. ನಳಿಗೆ ಬದಲಿಸುವ ಕೋವಿಗೆ ಅರ್ಥ ಬರುವುದೇ ಇದರಿಂದ. ಫ್ರೇಮಿನಲ್ಲಿ ಎರಡು ಫೈರಿಂಗ್ ಪಿನ್‌ಗಳಿವೆ: ಒಂದು ತೋಟಾದ ಅಂಚಿಗೆ ಬಡಿಯಲು, ಇನ್ನೊಂದು ನಡುವಿಗೆ. ಯಾವುದು ಬಡಿಯಬೇಕೆಂದು ಹ್ಯಾಮರಿನ ಮೇಲಿನ ಸೆಲೆಕ್ಟರ್ ತೀರ್ಮಾನಿಸುತ್ತದೆ. ಮೊದಲ ಕಾಲದ ಹ್ಯಾಮರ್‌ಗಳಲ್ಲಿ ಇದನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಬೇಕು, ನಂತರದವುಗಳಲ್ಲಿ ಬೆರಳು ಸಾಕು. .22 ನಳಿಗೆ ತೆಗೆದು .30-30 ಹಾಕಿದವರು ಸೆಲೆಕ್ಟರ್ ಮರೆತರೆ ಟಕ್ ಎಂಬ ಸದ್ದು ಬರುತ್ತದೆ, ಗುಂಡು ಹಾರುವುದಿಲ್ಲ. ಕೋವಿ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವ ಮೊದಲು ಅಲ್ಲಿ ನೋಡಿ. ಸದ್ದು ಬಂದೂ ಹಾರದಿದ್ದರೆ ಬಾಯಿ ತೆರೆಯಲು ಅವಸರ ಬೇಡ; ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ತಡೆಯಬೇಕು.

ಹಳೆಯ ಕಂಟೆಂಡರ್‌ನ ಇನ್ನೆರಡು ಹಟಗಳು. ಟ್ರಿಗರ್ ಗಾರ್ಡನ್ನು ಹಿಂದಕ್ಕೆಳೆದರೆ ಬಾಯಿ ತೆರೆಯುವ ವ್ಯವಸ್ಥೆ ಅದು, ಎಳೆಯಲು ಕೈಬಲವೇ ಬೇಕು. ಹ್ಯಾಮರ್ ಎತ್ತಿದವರು ಹೊಡೆಯದೆ ಮೆಲ್ಲನೆ ಇಳಿಸಿದರೆ, ಮತ್ತೆ ಎತ್ತುವ ಮುಂಚೆ ಒಮ್ಮೆ ಬಾಯಿ ತೆರೆದು ಮುಚ್ಚಲೇಬೇಕು. ನಂತರ ಬಂದ ಜಿ2 ಮಾದರಿಯಲ್ಲಿ ಈ ಕಾಟವಿಲ್ಲ. ಜಿ2ಗೆ ಹಳೆಯ ನಳಿಗೆಗಳು ಕೂರುತ್ತವೆ. ಹಿಂದಿನ ಹಿಡಿ ಮತ್ತು ಬಟ್ಟು ಮಾತ್ರ ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಇನ್ನು, ತೀರಾ ಮೃದುವಾಗಿ ಮುಚ್ಚಿದರೆ ಲಾಕಿಂಗ್ ಬೋಲ್ಟು ಪೂರ್ತಿ ಕೂರದೆ ಟ್ರಿಗರ್ ಸತ್ತಂತಾಗುತ್ತದೆ. ಅದು ದೋಷವಲ್ಲ, ರಕ್ಷಣೆ. ತೆರೆದು ಗಟ್ಟಿಯಾಗಿ ಮುಚ್ಚಿದರೆ ಸರಿಹೋಗುತ್ತದೆ. ಆದರೆ ಚರೆಕೋವಿಯವರಂತೆ ಒಂದೇ ಕೈಯಲ್ಲಿ ಝಾಡಿಸಿ ಮುಚ್ಚುವ ಶೋಕಿ ಬೇಡ, ಹಿಂಜು ಸವೆಯುವುದು ಅದರಿಂದಲೇ. ಈ ಮಾತು ಮೂರಕ್ಕೂ ಅನ್ವಯ.

ಯಾವ ತೋಟಾ ಈ ಫ್ರೇಮಿಗೆ ಆಗುತ್ತದೆ, ಯಾವುದು ಆಗದು ಎಂಬುದಕ್ಕೆ ಒತ್ತಡವೊಂದನ್ನೇ ನೋಡಿದರೆ ಸಾಲದು. ಕೇಸಿನ, ಅಂದರೆ ತೋಟಾದ ಹಿತ್ತಾಳೆ ಕವಚದ, ಬುಡದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿದರೆ ಫ್ರೇಮಿನ ಹಿಂಗೋಡೆಗೆ ಬೀಳುವ ತಳ್ಳುವಿಕೆ ಅಂದಾಜಿಗೆ ಸಿಗುತ್ತದೆ. .223ಕ್ಕೆ ಬುಡದ ವ್ಯಾಸ 0.376 ಇಂಚು, ಒತ್ತಡ 55,000. ತಳ್ಳುವಿಕೆ ಸುಮಾರು 6,100 ಪೌಂಡು. .30-30ಕ್ಕೆ 0.422 ಇಂಚು, 42,000, ಸುಮಾರು 5,900. ದಪ್ಪನೆಯ .45-70 ನೋಡಲು ಭೀಮನಂತಿದ್ದರೂ ಒತ್ತಡ 28,000 ಮಾತ್ರ, ತಳ್ಳುವಿಕೆ 5,600. .308ಕ್ಕೆ ಬಂದರೆ 0.471 ಇಂಚು, 62,000, 10,800 ಪೌಂಡು! ಕಂಟೆಂಡರ್‌ಗೆ .308 ನಳಿಗೆ ಬರದೆ, ಅದಕ್ಕಾಗಿ ಮುಂದೆ ಎನ್‌ಕೋರ್ ಎಂಬ ದೊಡ್ಡ ಫ್ರೇಮು ಬಂದದ್ದು ಏಕೆಂದು ಈ ಸಂಖ್ಯೆಗಳೇ ಹೇಳುತ್ತವೆ. ಎನ್‌ಕೋರ್ ನಳಿಗೆ ಕಂಟೆಂಡರ್‌ಗೆ ಕೂರುವುದಿಲ್ಲ, ಕಂಟೆಂಡರ್ ನಳಿಗೆ ಅದಕ್ಕೂ ಇಲ್ಲ. ಹಳೆಯ ನಳಿಗೆಗಳ ರಾಶಿಯಲ್ಲಿ ಆರಿಸುವಾಗ ಈ ಗೊಂದಲಕ್ಕೆ ಬೀಳುವವರು ಬಹಳ.

ಕಂಟೆಂಡರ್‌ನಲ್ಲಿ .223 ಇಟ್ಟುಕೊಂಡವರ ಸಾಮಾನ್ಯ ದೂರು: ಪ್ರೈಮರಿಗೆ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಬಟ್ಟಲಿಗೆ) ಪೆಟ್ಟಿನ ಗುರುತು ಬಿದ್ದಿದೆ, ಸಿಡಿದಿಲ್ಲ. ಬಹುಪಾಲು ಸಲ ತಪ್ಪು ಕೋವಿಯದಲ್ಲ, ತೋಟಾ ಮರುತುಂಬಿದವರದು. ಖಾಲಿ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈಯನ್ನು, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿದರೆ ಕೇಸಿನ ಭುಜ, ಅಂದರೆ ಕತ್ತಿನ ಕೆಳಗಿನ ಇಳಿಜಾರು, ಬೇಕಾದ್ದಕ್ಕಿಂತ ಹಿಂದೆ ಸರಿಯುತ್ತದೆ. ಬುಡದಲ್ಲಿ ಹೊರಚಾಚಿದ ಅಂಚಿಲ್ಲದ ಈ ತೋಟಾ ಭುಜದ ಮೇಲೇ ನಿಲ್ಲುವಂಥದ್ದು. ಭುಜ ಹಿಂದೆ ಹೋದರೆ ತೋಟಾ ಮುಂದಕ್ಕೆ ಜಾರುತ್ತದೆ, ಫೈರಿಂಗ್ ಪಿನ್ನಿನ ಪೆಟ್ಟು ಅರೆಬರೆ ತಾಗುತ್ತದೆ. ಸಿಡಿದರೆ ಇನ್ನೂ ಕಷ್ಟ: ಕೇಸು ಹಿಗ್ಗಿ, ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರ ಮೂಡುತ್ತದೆ. ಪೇಪರ್ ಕ್ಲಿಪ್ಪಿನ ತುದಿಯನ್ನು ಬಗ್ಗಿಸಿ ಖಾಲಿ ಕೇಸಿನೊಳಗೆ ಬುಡದಿಂದ ಮೇಲಕ್ಕೆ ಎಳೆದು ನೋಡಿ. ಆ ಉಂಗುರದ ಹತ್ತಿರ ತಂತಿ ಸಣ್ಣ ಗುಂಡಿಗೆ ಬಿದ್ದಂತೆ ತಡೆದರೆ ಲೋಹ ಒಳಗಿನಿಂದ ತೆಳುವಾಗಿದೆ, ಮುಂದಿನ ಸಲ ಕೇಸು ಎರಡು ತುಂಡು. ಅಂಥದ್ದನ್ನು ಎಸೆಯಿರಿ. ಪರಿಹಾರಕ್ಕೆ ಈ ಕೋವಿಯ ನಳಿಗೆಯೇ ಅಳತೆಗೋಲು. ನಳಿಗೆ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿ, ಡೈಯಿಂದ ತೆಗೆದ ಖಾಲಿ ಕೇಸನ್ನು ಬಾಯೊಳಗೆ ಬಿಟ್ಟು, ಮೇಲೆ ಉಕ್ಕಿನ ಸ್ಕೇಲು ಅಡ್ಡ ಇಡಿ. ಕೇಸಿನ ಬುಡ ನಳಿಗೆಯ ಹಿಂಬದಿಗೆ ಸಮನಾಗಿರಬೇಕು. ಕೆಳಗಿಳಿದಿದ್ದರೆ ಡೈಯನ್ನು ಎಂಟನೇ ಒಂದು ಸುತ್ತು ಮೇಲೆತ್ತಿ ಇನ್ನೊಂದು ಕೇಸಿನಲ್ಲಿ ನೋಡಿ.

ಅಂಚಿರುವ .30-30, .22 ಹಾರ್ನೆಟ್‌ಗಳಿಗೆ ಈ ರಗಳೆ ಕಡಿಮೆ. ಅಂಚೇ ತಡೆದು ನಿಲ್ಲಿಸುತ್ತದೆ, ಎಕ್ಸ್‌ಟ್ರ್ಯಾಕ್ಟರಿಗೂ ಹಿಡಿಯಲು ಗಟ್ಟಿ ಜಾಗ ಸಿಗುತ್ತದೆ. ಬಾಗುವ ಕೋವಿಗೆ ಅಂಚಿನ ತೋಟಾವೇ ಹೇಳಿ ಮಾಡಿಸಿದ್ದು ಎಂಬುದು ಈ ಮೂರನ್ನೂ ಬಳಸಿದ ಮೇಲೆ ಬದಲಾಗದ ಅಭಿಪ್ರಾಯ.

ಎಚ್ ಅಂಡ್ ಆರ್ ಮ್ಯಾಸಚೂಸೆಟ್ಸಿನ ವೂಸ್ಟರ್‌ನಲ್ಲಿ 1871ರಲ್ಲಿ ಶುರುವಾದ ಕಂಪನಿ, 1986ರಲ್ಲಿ ಮುಚ್ಚಿತು. ಅದರ ಟಾಪರ್ 158 ಬಡವರ ರೈಫಲ್: .22 ಹಾರ್ನೆಟ್ ಅಥವಾ .30-30 ನಳಿಗೆ, ಜೊತೆಗೆ ಕೆಲವು ಸೆಟ್ಟುಗಳಲ್ಲಿ 20 ಬೋರಿನ ಚರೆನಳಿಗೆ. ಇದೇ ವಂಶದ 155ಕ್ಕೆ .44 ಮ್ಯಾಗ್ನಮ್, .45-70 ನಳಿಗೆ ಕೊಟ್ಟು ಶಿಕಾರಿ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆಯವರಿಗೆ ಆ ಪೆಟ್ಟಿಗೆ ಓದಲು ಮಜಾ. ಮುಂದೆ ಗಾರ್ಡ್ನರ್ ಊರಿನಲ್ಲಿ ನ್ಯೂ ಇಂಗ್ಲೆಂಡ್ ಫೈರ್‌ಆರ್ಮ್ಸ್ ಇದೇ ರಚನೆಯನ್ನು ಹ್ಯಾಂಡಿ ರೈಫಲ್ ಆಗಿ ಮುಂದುವರಿಸಿತು. 2015ಕ್ಕೆ ಅದೂ ನಿಂತಿತು.

ಇಲ್ಲಿ ನಳಿಗೆ ತೆಗೆಯುವುದು ಇನ್ನೂ ಸುಲಭ: ಫೋರೆಂಡಿನ ಒಂದು ಸ್ಕ್ರೂ ಬಿಚ್ಚಿ, ಬಾಗಿಸಿ, ಎತ್ತಿಕೊಂಡರಾಯಿತು. ಹಿಂಜ್ ಪಿನ್ ಫ್ರೇಮಿನಲ್ಲೇ ಉಳಿಯುತ್ತದೆ. ಹಾಕುವುದರಲ್ಲಿದೆ ತೊಡಕು. ಪ್ರತಿ ನಳಿಗೆಯನ್ನೂ ಅದರ ಫ್ರೇಮಿಗೆ ಕಾರ್ಖಾನೆಯಲ್ಲಿ ಕೂಡಿಸಿ ಕೊಟ್ಟದ್ದು. ಹ್ಯಾಂಡಿ ಕಾಲದಲ್ಲಿ ಹೆಚ್ಚುವರಿ ನಳಿಗೆ ಬೇಕಾದವರು ಫ್ರೇಮನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. ಈಗ ಆ ದಾರಿ ಇಲ್ಲ. ಬಿಡಿಯಾಗಿ ಕೊಂಡ ನಳಿಗೆ ಒಂದೋ ಮುಚ್ಚುವುದೇ ಇಲ್ಲ, ಇಲ್ಲವೇ ಮುಚ್ಚಿ ಸಂದು ಬಿಡುತ್ತದೆ. ಸಂದಿದ್ದರೆ ಹಿಂಜ್ ಪಿನ್ನಿಗೆ ತಂಪುಪಾನೀಯದ ಡಬ್ಬಿಯ ತಗಡು ಕತ್ತರಿಸಿ ಸುತ್ತುವ ಜಾಣರಿದ್ದಾರೆ. ಆ ತಗಡು ಕೆಲವೇ ಹೊಡೆತಗಳಲ್ಲಿ ಚಪ್ಪಟೆಯಾಗಿ ಸಂದು ವಾಪಸು ಬರುತ್ತದೆ. ತೋಟಾ ಕೂರುವ ಜಾಗ ಸರಿಯಿದೆಯೇ ಎಂದು ಅಳೆಯುವ ಗೋ, ನೋ-ಗೋ ಗೇಜುಗಳಲ್ಲಿ ಪರೀಕ್ಷಿಸದೆ ಇಂಥ ಜೋಡಣೆಯಲ್ಲಿ ತೋಟಾ ಹಾಕಕೂಡದು. ಹ್ಯಾಂಡಿ ಫ್ರೇಮುಗಳಲ್ಲಿ ಎಸ್‌ಬಿ1, ಎಸ್‌ಬಿ2 ಎಂದು ಎರಡು ಬಗೆ. ಎರಡನೆಯದು ಹೆಚ್ಚು ಒತ್ತಡದ ರೈಫಲ್ ತೋಟಾಗಳಿಗೆ, ಮೊದಲನೆಯದಕ್ಕೆ .223 ನಳಿಗೆ ಕೂತಿತೆಂದ ಮಾತ್ರಕ್ಕೆ ಹೊಡೆಯಬಾರದು.

ಹೊಡೆದಾಗ ತನ್ನಷ್ಟಕ್ಕೆ ಬಾಯಿ ತೆರೆದುಕೊಳ್ಳುವುದು ಈ ಕೋವಿಯ ಇನ್ನೊಂದು ಖ್ಯಾತ ಕಾಯಿಲೆ. ನಳಿಗೆಯ ಅಡಿಯ ಮೆಟ್ಟಿಲನ್ನು ಹಿಡಿಯುವ ಲ್ಯಾಚು ಇಳಿಜಾರಾಗಿ ಕೂರುತ್ತದೆ, ಅದನ್ನು ಹಿಡಿದಿಡುವುದು ಉಜ್ಜುವಿಕೆಯೇ. ಶ್ರದ್ಧೆಯಿಂದ ಅಲ್ಲಿಗೂ ಎಣ್ಣೆ ಹಚ್ಚಿದರೆ ಅದು ಜಾರುತ್ತದೆ. ಹಿಂಜಿಗೆ ಚೂರು ಗ್ರೀಸು, ಲ್ಯಾಚಿಗೆ ಏನೂ ಬೇಡ. ಅಸಿಟೋನ್‌ನಲ್ಲಿ ಒರೆಸಿ ಒಣಗಿಸಿ. ಒಣಗಿದ ಮೇಲೂ ತೆರೆದರೆ ಲ್ಯಾಚೇ ಸವೆದಿದೆ. ಗುಂಡುಗಳು ಬಿಸಿಯೇರಿದಂತೆ ಮೇಲೆ ಮೇಲೆ ಹತ್ತುತ್ತಿದ್ದರೆ ಫೋರೆಂಡ್ ನಳಿಗೆಯನ್ನು ಒತ್ತುತ್ತಿದೆ: ಫೋರೆಂಡ್ ಸ್ಕ್ರೂ ಹೋಗುವಲ್ಲಿ, ಮರಕ್ಕೂ ನಳಿಗೆಗೂ ನಡುವೆ ಒಂದು ರಬ್ಬರ್ ಓ-ರಿಂಗ್ ಇಟ್ಟರೆ ಬಹಳಷ್ಟು ಸುಧಾರಿಸುತ್ತದೆ. ಮರಳುಚೀಲವನ್ನು ಫೋರೆಂಡಿನ ತುದಿಗಲ್ಲ, ಹಿಂಜಿನ ಹತ್ತಿರ ಫ್ರೇಮಿನಡಿ ಇಡಬೇಕು.

ಸ್ಯಾವೇಜ್ 219 ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದರಲ್ಲಿ ಮಾಡಬಹುದಾದ್ದೂ ಕಡಿಮೆ. 1938ರಿಂದ 1965ರವರೆಗೆ ಬಂತು. ಹೊರಗೆ ಹ್ಯಾಮರಿಲ್ಲ, ಮೇಲಿನ ಸನ್ನೆ ತಿರುಗಿಸಿ ತೆರೆದಾಗ ಒಳಗೇ ಎತ್ತಿಕೊಳ್ಳುತ್ತದೆ, ಸೇಫ್ಟಿಯೂ ತಾನಾಗಿ ಬೀಳುತ್ತದೆ. .22 ಹಾರ್ನೆಟ್, .25-20, .32-20, .30-30 ನಾಲ್ಕೇ ತೋಟಾ, 26 ಇಂಚಿನ ನಳಿಗೆ. ಸೋದರ ಮಾದರಿಯಾದ 220 ಚರೆಕೋವಿಯ ನಳಿಗೆ ಸೇರಿಸಿ ಕಾರ್ಖಾನೆಯೇ ಜೋಡಿಯಾಗಿ ಮಾರುತ್ತಿತ್ತು: .30-30 ಜೊತೆ 12 ಬೋರ್ ಇದ್ದರೆ 221, ಹಾರ್ನೆಟ್ ಜೊತೆ 12 ಬೋರ್ ಇದ್ದರೆ 227. ಎರಡೂ ನಳಿಗೆಗಳ ಬಣ್ಣ, ಸವೆತ ಒಂದೇ ತರಹ ಇರುವ ಜೋಡಿ ಸಿಕ್ಕರೆ ಸಂಗ್ರಹಕಾರರಿಗೆ ಹಬ್ಬ. ದೂರದರ್ಶಕ ಕೂರಿಸಲೆಂದು ಯಾರೋ ತೂತು ಕೊರೆದಿದ್ದರೆ ಬೆಲೆ ಅಲ್ಲಿಗೇ ಬಿತ್ತು. ಬಳಕೆಯಲ್ಲಿ ತೊಂದರೆ ಸ್ಪ್ರಿಂಗು ಮತ್ತು ಫೈರಿಂಗ್ ಪಿನ್ನಿನದು. ಬಿಡಿಭಾಗ ಸಿಗುವುದು ಇನ್ನೊಂದು ಹಳೆಯ ಕೋವಿ ಬಿಚ್ಚಿದರೆ ಮಾತ್ರ. ಹಾರ್ನೆಟ್‌ಗೆ ಮದ್ದು ತುಂಬುವವರು ಒಂದು ಗಮನಿಸಿ: ಹಳೆಯ ಹಾರ್ನೆಟ್ ನಳಿಗೆಗಳಲ್ಲಿ ಹಲವು 0.224 ಅಲ್ಲ, 0.223 ಇಂಚಿನ ಗುಂಡಿಗೆ ಕೊರೆದವು. ಮೆತ್ತನೆಯ ಸೀಸದ ಗುಂಡು ತೂರಿಸಿ ಅಳೆದು ನೋಡಿಯೇ ಗುಂಡು ಕೊಳ್ಳಿ, 45 ಗ್ರೇನ್‌ಗಿಂತ ಭಾರದ್ದು ಬೇಡ (ಗ್ರೇನ್ ಗುಂಡಿನ ತೂಕದ ಅಳತೆ). ನಳಿಗೆಯೊಳಗಿನ ಗೀರುಗಳ 16 ಇಂಚಿಗೊಂದು ಸುತ್ತಿನ ತಿರುಚು ಭಾರದ ಗುಂಡನ್ನು ನೆಟ್ಟಗೆ ಹಾರಿಸುವುದಿಲ್ಲ.

ಕೊಳ್ಳುವಾಗಿನ ಪರೀಕ್ಷೆ ಮೂರಕ್ಕೂ ಒಂದೇ, ಅದರಲ್ಲೂ ಒಂದು ಹಂತವನ್ನು ಮಾರುವವರು ತಪ್ಪಿಸಲು ನೋಡುತ್ತಾರೆ: ಫೋರೆಂಡ್ ತೆಗೆದು ಅಲುಗಾಡಿಸುವುದು. ಫೋರೆಂಡ್ ಇದ್ದಾಗ ಅದು ನಳಿಗೆಯನ್ನು ಹಿಂದಕ್ಕೊತ್ತಿ ಸಡಿಲತನ ಮುಚ್ಚಿರಬಹುದು. ತೆಗೆದು, ಮುಚ್ಚಿ, ನಳಿಗೆಯನ್ನು ಎಡಬಲಕ್ಕೆ ತಿರುಚಿ ನೋಡಿ. ಬೆಳಕಿಗೆ ಹಿಡಿದು ಸಂದು ನೋಡಿ, ಫೀಲರ್ ಗೇಜಿನ 0.005 ಇಂಚಿನ ಎಲೆ ಸಲೀಸಾಗಿ ಹೊಕ್ಕರೆ ಚೌಕಾಸಿಗೂ ನಿಲ್ಲಬೇಡಿ. ನಳಿಗೆಯ ಮೂತಿ ಸವೆದಿದ್ದರೆ ಹಿಂದಿನ ಮಾಲೀಕರು ಸೋಮಾರಿಗಳು: ಹಿಂದಿನಿಂದ ಶುಚಿ ಮಾಡಬಹುದಾದ ಕೋವಿಗೆ ಮುಂದಿನಿಂದ ಕಡ್ಡಿ ತೂರಿಸಿದ ಗುರುತು ಅದು.

ಕಾನೂನಿನ ಕಡೆ ನೋಡಿದರೂ ಕಂಟೆಂಡರ್‌ಗೆ ಜಾಗ್ರತೆ ಹೆಚ್ಚು ಬೇಕು. ಅಮೆರಿಕದ ಫೆಡರಲ್ ಕಾನೂನಿಗೆ ಕೋವಿಯೆಂದರೆ ಫ್ರೇಮು. ನಳಿಗೆ ಬರೀ ಬಿಡಿಭಾಗ, ಅಂಚೆಯಲ್ಲೇ ಬರುತ್ತದೆ. ಆದರೆ ಬಟ್ಟು ಇರುವ ಫ್ರೇಮಿನಲ್ಲಿ 16 ಇಂಚಿಗಿಂತ ಗಿಡ್ಡ ರೈಫಲ್ ನಳಿಗೆ ಕ್ಷಣಕಾಲ ಕೂತರೂ ಅದು ನೋಂದಾಯಿಸಬೇಕಾದ ಬೇರೆಯೇ ಆಯುಧ. ಪಿಸ್ತೂಲು, ಕಾರ್ಬೈನ್ ಎರಡೂ ಆಗಬಲ್ಲ ಕಿಟ್ಟನ್ನು ಇಟ್ಟುಕೊಳ್ಳುವುದಷ್ಟೇ ಅಪರಾಧವಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1992ರಲ್ಲಿ ಇದೇ ಕಂಪನಿಯ ಪ್ರಕರಣದಲ್ಲಿ ಹೇಳಿತು; ತಪ್ಪು ಜೋಡಣೆಗೆ ಅದು ರಕ್ಷೆಯಲ್ಲ. ಹಾಗಾಗಿ ಮೊದಲು ಉದ್ದ ನಳಿಗೆ, ಆಮೇಲೆ ಬಟ್ಟು. ಬಿಚ್ಚುವಾಗ ಮೊದಲು ಬಟ್ಟು, ಆಮೇಲೆ ನಳಿಗೆ. ರೈಫಲ್ ಆಗಿಯೇ ಕಾರ್ಖಾನೆಯಿಂದ ಬಂದ ಫ್ರೇಮನ್ನು ನೋಂದಣಿಯಿಲ್ಲದೆ ಪಿಸ್ತೂಲು ಮಾಡುವಂತೆಯೇ ಇಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಚಾಲ್ತಿಯ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವಂತಿಲ್ಲ, ಗ್ರೀನ್ ಕಾರ್ಡಿನವರಿಗೆ ಆ ಅಡ್ಡಿಯಿಲ್ಲ. ಊರಿಗೆ ಬರುವಾಗ ಬಿಡಿ ನಳಿಗೆಯೊಂದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಯೋಚನೆಯೂ ಬೇಡ: ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಶಸ್ತ್ರದ ಬಿಡಿಭಾಗವೂ ಶಸ್ತ್ರವೇ.