ಕಾರ್ಡ್ ಫಾರ್ಮ್ಯಾಟ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಸೀರಿಯಲ್, ಶಾರ್ಟ್ ಫಿಲ್ಮ್, ಮದುವೆ ವಿಡಿಯೊ, ಏನೇ ಮಾಡುತ್ತಿರಿ, ನಿಮ್ಮಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ಕಾಪಿ ಮಾಡುವವರು ಯಾರಿದ್ದಾರೋ ಅವರಿಗೆ ದಯವಿಟ್ಟು ಇದನ್ನು ತೋರಿಸಿ. ನಮ್ಮ ಅರ್ಧ ದಿನದ ಶೂಟಿಂಗ್ ಒಂದೇ ಒಂದು ಕ್ಲಿಕ್‌ಗೆ ಹೋಯಿತು.

ನಾನು ಬೆಂಗಳೂರಿನಲ್ಲಿ ಡೈಲಿ ಸೀರಿಯಲ್ ಎಡಿಟರ್. ಕಳೆದ ಮಳೆಗಾಲದಲ್ಲಿ ಯೂನಿಟ್ ಸಕಲೇಶಪುರಕ್ಕೆ ಹೋಗಿತ್ತು. ಮಳೆಗೆ ಎರಡು ದಿನ ಶೂಟಿಂಗ್ ನಿಂತು ಬ್ಯಾಂಕಿಂಗ್, ಅಂದರೆ ಮುಂಚೆಯೇ ಮಾಡಿಟ್ಟ ಎಪಿಸೋಡ್‌ಗಳು, ಪೂರ್ತಿ ಖಾಲಿ. ಇವತ್ತು ಎಡಿಟ್ ಆಗಿದ್ದು ನಾಳೆ ಟೆಲಿಕಾಸ್ಟ್ ಅನ್ನುವ ಸ್ಥಿತಿ.

ಶೂಟಿಂಗ್ ಕಾಪಿ ಮಾಡಿದ ಡ್ರೈವ್ (ಎಸ್‌ಎಸ್‌ಡಿ) ಬಂದ ಕೂಡಲೇ ಕೂತೆ. ಯಾವ ಕ್ಲಿಪ್‌ನಲ್ಲಿ ಏನಿದೆ ಅಂತ ಸೆಟ್‌ನಲ್ಲಿ ಬರೆಯುವ ಲಾಗ್ ಶೀಟಿನಲ್ಲಿ ಮೊದಲನೇ ಕಾರ್ಡ್‌ನ ಏಳನೇ ಕ್ಲಿಪ್ ಎದುರು ‘ಅಮ್ಮ ಕ್ಲೋಸ್, ಓಕೆ’ ಅಂತ ಬರೆದಿತ್ತು. ತೆರೆದರೆ ಕಾಫಿ ತೋಟದ ಇಳಿಜಾರಿನಲ್ಲಿ ಜೀಪ್ ಹೋಗುತ್ತಿದೆ. ಹಿಂದಿನದು ತೆರೆದೆ, ಅದರಲ್ಲೂ ಜೀಪ್. ಶೀಟಿನಲ್ಲಿ 41 ಕ್ಲಿಪ್, ಡಿಸ್ಕಿನಲ್ಲಿ 23. ಮೂರು ಸಲ ಎಣಿಸಿದೆ. ಕೈ ತಣ್ಣಗಾಯಿತು.

ಆಗಿದ್ದು ಏನಂದರೆ, ಕ್ಯಾಮೆರಾದಲ್ಲಿ ಫೈಲ್ ನಂಬರ್ ‘ರಿಸೆಟ್’ನಲ್ಲಿತ್ತು. ಹಾಗಿದ್ದರೆ ಫಾರ್ಮ್ಯಾಟ್ ಮಾಡಿದ ಪ್ರತಿ ಕಾರ್ಡ್‌ನಲ್ಲೂ ಹೆಸರು ಮತ್ತೆ ಸಿ0001ರಿಂದಲೇ ಶುರು. ಬೆಳಗಿನ ಕಾರ್ಡ್‌ನಲ್ಲಿ 18 ಕ್ಲಿಪ್, ಮಧ್ಯಾಹ್ನದ್ದರಲ್ಲಿ 23. ಡೇಟಾ ನೋಡಿಕೊಳ್ಳುವ ಹುಡುಗ ಎರಡನ್ನೂ ತಾರೀಖಿನ ಹೆಸರಿನ ಒಂದೇ ಫೋಲ್ಡರ್‌ಗೆ ಎಳೆದು ಹಾಕಿದ್ದ. ಇದೇ ಹೆಸರಿನ ಫೈಲ್‌ಗಳು ಆಗಲೇ ಇವೆ, ರಿಪ್ಲೇಸ್ ಮಾಡಬೇಕಾ ಅಂತ ಲ್ಯಾಪ್‌ಟಾಪ್ ಕೇಳಿದೆ. ರಾತ್ರಿ ಹನ್ನೊಂದೂವರೆ. ಬೆಳಗಿನ ಐದಕ್ಕೆ ಎದ್ದು ಇಡೀ ದಿನ ಮಳೆಯಲ್ಲಿ ನೆಂದವನು ಹೂಂ ಅಂತ ಒತ್ತಿದ್ದಾನೆ. ಬೆಳಗಿನ 18 ಕ್ಲಿಪ್ ಮೇಲೆ ಮಧ್ಯಾಹ್ನದ 18 ಕ್ಲಿಪ್ ಕೂತವು. ಕಾರ್ಡ್ ಎರಡೂ ಫಾರ್ಮ್ಯಾಟ್ ಆದವು. ಬೇರೆ ಕಾಪಿ ಇರಲಿಲ್ಲ.

ಆ ಹುಡುಗನ ಮೇಲೆ ಎಲ್ಲರೂ ಎಗರಾಡಿದರು. ನನಗೆ ಅದು ಸರಿ ಅನ್ನಿಸಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಎರಡನೇ ಡ್ರೈವ್ ಕೊಡಿಸಿರಲಿಲ್ಲ.

ಬರೀ ಫಾರ್ಮ್ಯಾಟ್ ಆಗಿದ್ದರೆ ಬಹುಶಃ ಉಳಿಸಬಹುದಿತ್ತು. ಕ್ಯಾಮೆರಾ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿ ಹೋಗುವುದು ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ, ಚಿತ್ರ ಒಳಗೇ ಇರುತ್ತದೆ. ಆದರೆ ನನಗೆ ಗೊತ್ತಾಗಿ ನಾನು ಫೋನ್ ಮಾಡುವಷ್ಟರಲ್ಲಿ ಅದೇ ಕಾರ್ಡ್‌ನಲ್ಲಿ ಮರುದಿನದ ಶೂಟಿಂಗ್ ನಡೆದಿತ್ತು. ರಿಕವರಿ ಮಾಡಿಸಿದಾಗ ಸಿಕ್ಕಿದ್ದು ಎರಡು ಕ್ಲಿಪ್, ಎರಡೂ ಕೆಲವು ಸೆಕೆಂಡಿಗೇ ನಿಂತು ಹೋದವು. ಎಸ್‌ಎಸ್‌ಡಿಯಲ್ಲಿ ಏನೂ ಸಿಗಲಿಲ್ಲ. ನಿಮಗೆ ಎಂದಾದರೂ ಹೀಗಾದರೆ ಮೊದಲು ಕಾರ್ಡ್ ಹೊರಗೆ ತೆಗೆಯಿರಿ. ಅದರ ಮೇಲೆ ಒಂದು ಫ್ರೇಮ್ ಕೂಡ ಶೂಟ್ ಮಾಡಬೇಡಿ.

ಹೋದದ್ದರಲ್ಲಿ ಒಂದು ಅಳುವ ದೃಶ್ಯ ಇತ್ತು. ಹಿರಿಯ ಕಲಾವಿದೆ, ಒಂದೇ ಟೇಕ್‌ನಲ್ಲಿ ಓಕೆ ಆಗಿತ್ತು. ಅವರು ಆಗಲೇ ಬೆಂಗಳೂರಿಗೆ ವಾಪಸ್ ಬಂದಿದ್ದರು. ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಡ್ಕೊಡ್ತೀನಪ್ಪ. ಆದ್ರೆ ಅವತ್ತಿನ ಅಳು ಮತ್ತೆ ಬರಲ್ಲ’ ಅಂದರು. ಬರಲಿಲ್ಲ ಕೂಡ. ಅದು ಈಗಲೂ ನನ್ನನ್ನು ಕಾಡುತ್ತದೆ.

ಕ್ಯಾಮೆರಾ ಸಕಲೇಶಪುರದಲ್ಲಿ. ಹಾಗಾಗಿ ಅವರ ಮನೆಯಲ್ಲೇ ಮೊಬೈಲ್‌ನಲ್ಲಿ ಕ್ಲೋಸ್ ಶಾಟ್ ತೆಗೆದೆವು, ಸೌಂಡ್ ಬೇರೆ ರೆಕಾರ್ಡರ್‌ನಲ್ಲಿ. ಅವಸರದಲ್ಲಿ ಮೊಬೈಲ್ ಸೆಟ್ಟಿಂಗ್ ಯಾರೂ ನೋಡಲಿಲ್ಲ. ನಮ್ಮ ಟಿವಿ ನಡೆಯುವುದು ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ. ಮೊಬೈಲ್ ತೆಗೆದಿದ್ದು 30ರ ಹತ್ತಿರ, ಅದೂ ಬೆಳಕು ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತಾ. ಟೈಮ್‌ಲೈನ್‌ಗೆ ಹಾಕಿದಾಗ ಶುರುವಿನಲ್ಲಿ ತುಟಿ, ಮಾತು ಸರಿಯಾಗಿಯೇ ಇದ್ದವು. ನಾಲ್ಕು ನಿಮಿಷದ ಶಾಟ್‌ನ ಕೊನೆಗೆ ಬರುವಷ್ಟರಲ್ಲಿ ಆರು ಫ್ರೇಮ್ ವ್ಯತ್ಯಾಸ, ಅಂದರೆ ಹೆಚ್ಚುಕಡಿಮೆ ಕಾಲು ಸೆಕೆಂಡು. ನಿದ್ದೆಗೆಟ್ಟ ನಾನು ಶುರು ಮಾತ್ರ ನೋಡಿ ಕಳಿಸಿಬಿಟ್ಟೆ. ಇದು ನನ್ನ ತಪ್ಪು. ಚಾನೆಲ್‌ನಲ್ಲಿ ಗುಣಮಟ್ಟ ನೋಡುವ ಕ್ಯೂಸಿ ವಿಭಾಗದಿಂದ ಎಪಿಸೋಡ್ ವಾಪಸ್ ಬಂತು. ಹಿಂದಿನ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತಿವೆ ಅಂತಲೂ ಬರೆದಿದ್ದರು. ನಮ್ಮ ಕರೆಂಟ್ 50 ಹರ್ಟ್ಜ್, ಅವರ ಮನೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಸ್ಪೀಡ್ ಸೆಕೆಂಡಿನ 1/50 ಅಥವಾ 1/100 ಇಟ್ಟಿದ್ದರೆ ಆ ಪಟ್ಟಿ ಬರುತ್ತಿರಲಿಲ್ಲ. ಮಾತನ್ನು ತುಂಡು ತುಂಡು ಮಾಡಿ ಕೂರಿಸಿದೆ. ಪಟ್ಟಿ ಇದ್ದ ಕಡೆ ಹಳೇ ರಿಯಾಕ್ಷನ್ ಶಾಟ್ ಹಾಕಿ ಮುಚ್ಚಿದೆ. ಎಪಿಸೋಡ್ ಹೋಗಿದ್ದು ಟೆಲಿಕಾಸ್ಟ್‌ಗೆ ನಲವತ್ತು ನಿಮಿಷ ಇದ್ದಾಗ.

ಮೊಬೈಲ್ ಬಳಸಲೇಬೇಕಾಗಿ ಬಂದರೆ 25 ಫ್ರೇಮ್‌ಗೆ ಲಾಕ್ ಮಾಡಿ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ ಒಳಗೆ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಸಿಗುತ್ತದೆ. ಆಗಲೇ ತೆಗೆದಾಗಿದ್ದರೆ ಎಡಿಟ್‌ಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ (ಉದ್ದಕ್ಕೂ ಒಂದೇ ಫ್ರೇಮ್ ಲೆಕ್ಕ) ಮಾಡಿಕೊಳ್ಳಿ. 30ರಿಂದ 25ಕ್ಕೆ ಇಳಿಸಿದರೆ ಓಡಾಟ ಸ್ವಲ್ಪ ಕುಲುಕುತ್ತದೆ, ಆದರೆ ಮಾತು ಜಾರುವುದಿಲ್ಲ. ಕೊನೆಯ ಹತ್ತು ಸೆಕೆಂಡು ತಪ್ಪದೆ ನೋಡಿ.

ಕಾರ್ಡ್ ವಿಷಯಕ್ಕೆ ಬಂದರೆ, ಕ್ಯಾಮೆರಾದಲ್ಲಿ ಫೈಲ್ ನಂಬರ್ ‘ಸೀರೀಸ್’ಗೆ ಹಾಕಿಸಿ, ಆಗ ಕಾರ್ಡ್ ಬದಲಾದರೂ ನಂಬರ್ ಮುಂದುವರಿಯುತ್ತದೆ. ಒಂದೊಂದು ಕಾರ್ಡ್‌ಗೂ ಒಂದೊಂದು ಫೋಲ್ಡರ್, ಕಾರ್ಡ್‌ನಲ್ಲಿರುವುದನ್ನು ಇದ್ದ ಹಾಗೇ ಪೂರ್ತಿ ಎತ್ತಿ ಹಾಕಬೇಕು, ಒಳಗಿನ ಕ್ಲಿಪ್ ಮಾತ್ರ ಆರಿಸಿ ಎಳೆಯಬಾರದು. ಕಾಪಿ ಎರಡು ಡ್ರೈವ್‌ಗೆ, ಆ ಎರಡು ಡ್ರೈವ್ ಒಂದೇ ಬ್ಯಾಗಿನಲ್ಲಿ ಬರಬಾರದು. ಚೆಕ್‌ಸಮ್ ನೋಡುವ, ಅಂದರೆ ಕಾಪಿ ಮೂಲದಂತೆಯೇ ಇದೆಯಾ ಅಂತ ತಾನೇ ತಾಳೆ ನೋಡುವ, ಕಾಪಿ ಸಾಫ್ಟ್‌ವೇರ್ ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೆ ಫೈಲ್ ಎಷ್ಟು, ಒಟ್ಟು ಜಿಬಿ ಎಷ್ಟು, ಕಾರ್ಡ್‌ಗೂ ಡ್ರೈವ್‌ಗೂ ತಾಳೆ ನೋಡಿ. ರಿಪ್ಲೇಸ್ ಮಾಡಬೇಕಾ ಅಂತ ಕೇಳಿತೋ, ಅಲ್ಲಿಗೇ ಕೈ ತೆಗೆದು ಯಾರನ್ನಾದರೂ ಕರೆಯಿರಿ.

ಆ ಹುಡುಗ ಈಗಲೂ ನಮ್ಮ ಜೊತೆಗೇ ಇದ್ದಾನೆ. ಪ್ಯಾಕಪ್ ಆದ ಮೇಲೆ ಲಾಗ್ ಶೀಟ್ ಮತ್ತು ಫೋಲ್ಡರ್‌ನ ಫೋಟೊ ಕಳಿಸಿ, ‘ಅಣ್ಣಾ, ಒಂದನೇದು 21, ಎರಡನೇದು 16, ಒಟ್ಟು 37’ ಅಂತ ಮೆಸೇಜ್ ಹಾಕುತ್ತಾನೆ. ನಾನು ಎಣಿಸಿ ‘ಸರಿ’ ಅನ್ನುವವರೆಗೂ ಕಾರ್ಡ್ ಅವನ ಶರ್ಟಿನ ಜೇಬಿನಲ್ಲೇ ಇರುತ್ತದೆ.