ಬಾಟಲಿ ಕೊಳ್ಳುವ ಮೊದಲು ಮುಚ್ಚಳ ಬಿಚ್ಚಿ ನೋಡಿ

ಸ್ಟೀಲ್ ಬಾಟಲಿ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಅದರ ಮುಚ್ಚಳ. ನಮ್ಮ ಅಡುಗೆಮನೆ ಅಟ್ಟದ ಮೇಲೆ ಮುಚ್ಚಳ ಸೀಳಿದ, ವಾಷರ್ ಕಳೆದುಹೋದ, ಸ್ಟ್ರಾ ಮುರಿದ ಬಾಟಲಿಗಳು ಸಾಲಾಗಿ ಕೂತಿವೆ. ಮೈಗೆ ಏನೂ ಆಗಿಲ್ಲ, ತಿಕ್ಕಿದರೆ ಇವತ್ತೂ ಫಳಫಳ ಅನ್ನುತ್ತವೆ. ಆದರೆ ನೀರು ತುಂಬಿಸಿ ಬ್ಯಾಗಿಗೆ ಹಾಕಿದರೆ ಪುಸ್ತಕವೆಲ್ಲ ಒದ್ದೆ. ಹಾಗಾಗಿ ಈಗ ಅಂಗಡಿಗೆ ಹೋದರೆ ನಾನು ಮೊದಲು ಮುಚ್ಚಳ ಬಿಚ್ಚುತ್ತೇನೆ. ಬಣ್ಣ, ಚಿತ್ರ, ‘24 ಗಂಟೆ ಬಿಸಿ’ ಅನ್ನೋ ಚೀಟಿ ಎಲ್ಲ ಆಮೇಲೆ.

ನಮ್ಮದು ಬೆಂಗಳೂರಿನ ಟಿ. ದಾಸರಹಳ್ಳಿ. ಮನೆಯಲ್ಲಿ ನಾನು, ಪೀಣ್ಯದ ಫ್ಯಾಬ್ರಿಕೇಶನ್ ಶಾಪಿನಲ್ಲಿ ಶಿಫ್ಟ್ ಕೆಲಸ ಮಾಡುವ ಯಜಮಾನರು, ಮಾವ, ನಾಲ್ಕನೇ ಕ್ಲಾಸಿನ ಮಗ, ಎಂಟನೇ ಕ್ಲಾಸಿನ ಮಗಳು. ಒಬ್ಬೊಬ್ಬರಿಗೂ ಒಂದೊಂದು ಬಾಟಲಿ, ಒಬ್ಬೊಬ್ಬರದೂ ಒಂದೊಂದು ತಕರಾರು. ಬರುವುದು ಬೋರ್‌ವೆಲ್ ನೀರು. ಯಾವ ಬಾಟಲಿ ತಂದರೂ ಕೆಲವೇ ವಾರಕ್ಕೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆದ್ದರಿಂದ ನನ್ನ ಮೊದಲ ಷರತ್ತು: ನನ್ನ ಕೈ ಒಳಗೆ ಹೋಗಬೇಕು. ಹೋಗದಿದ್ದರೆ ಬ್ರಷ್ಷಾದರೂ ಬುಡದ ಮೂಲೆ ಮುಟ್ಟಬೇಕು. ಬಾಯಿ ಚಿಕ್ಕದಿದ್ದರೆ ಎಷ್ಟೇ ಚೆಂದ ಇದ್ದರೂ ನನಗೆ ಬೇಡ.

ಮಗನಿಗೆ ಕೊಡಿಸಿರುವುದು ಮುಕ್ಕಾಲು ಲೀಟರಿನ ಒಂಟಿ ಪದರದ ಸಾದಾ ಸ್ಟೀಲ್ ಬಾಟಲಿ. ಮನೆಯಲ್ಲಿರುವ ಎಲ್ಲದರಲ್ಲೂ ನನಗೆ ಇದೇ ಇಷ್ಟ. ಅಗಲ ಬಾಯಿ, ತಿರುಗಿಸುವ ಮುಚ್ಚಳ, ಒಳಗೆ ಒಂದೇ ಒಂದು ಸಿಲಿಕಾನ್ ವಾಷರ್. ವಾಷರನ್ನು ಉಗುರಿನಿಂದ ಎಬ್ಬಿಸಿ ತೆಗೆಯಬಹುದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬಾಟಲಿಯ ಮುಗ್ಗಲು ವಾಸನೆ ಬರುವುದೇ ಅಲ್ಲಿಂದ. ವಾಷರ್ ಕೂರುವ ಸಂದಿಯೊಳಗೆ ನೀರು ನಿಲ್ಲುತ್ತದೆ, ಲೋಳೆ ಕಟ್ಟುತ್ತದೆ, ನಿಧಾನಕ್ಕೆ ಕಪ್ಪಾಗುತ್ತದೆ. ನಾವು ಬಾಟಲಿಯ ಹೊಟ್ಟೆಯನ್ನೇ ತಿಕ್ಕಿ ತಿಕ್ಕಿ ಸುಸ್ತಾಗುತ್ತೇವೆ. ಗುಂಡಿ ಒತ್ತಿದರೆ ಸ್ಟ್ರಾ ಏಳುವ ಬಾಟಲಿಗಳಂತೂ ಇನ್ನೂ ಕಷ್ಟ. ಆ ಸ್ಟ್ರಾ ಕೊಯ್ದು ಒಳಗೇನಿದೆ ಅಂತ ಒಮ್ಮೆ ನೋಡಿ, ಮತ್ತೆ ಮಕ್ಕಳಿಗೆ ಕೊಡುವ ಮನಸ್ಸಾಗಲ್ಲ.

ಮಗಳಿಗೆ ಬಿಸಿ, ತಂಪು ಹಿಡಿದಿಡುವ ಎರಡು ಗೋಡೆಯ ವ್ಯಾಕ್ಯೂಮ್ ಬಾಟಲಿಯೇ ಬೇಕಂತೆ, ಅದೂ ಒಂದು ಲೀಟರಿನದ್ದು, ಫ್ರೆಂಡ್ಸ್ ಹತ್ತಿರ ಇದೆಯಂತೆ. ತಕ್ಕಡಿ ಮೇಲಿಟ್ಟು ತೋರಿಸಿದೆ. ಖಾಲಿ ಬಾಟಲಿಯೇ ಅರ್ಧ ಕಿಲೋ ಹತ್ತಿರ, ನೀರು ಒಂದು ಕಿಲೋ. 2019ರಲ್ಲಿ ನಮ್ಮ ಶಿಕ್ಷಣ ಇಲಾಖೆ ಹೊರಡಿಸಿದ ಸುತ್ತೋಲೆಯ ಪ್ರಕಾರ 6ರಿಂದ 8ನೇ ತರಗತಿ ಮಕ್ಕಳ ಬ್ಯಾಗು 3ರಿಂದ 4 ಕಿಲೋ ಮೀರಬಾರದು. ಅದರಲ್ಲಿ ಒಂದೂವರೆ ಕಿಲೋ ಬಾಟಲಿಗೇ ಹೋದರೆ ಪುಸ್ತಕ ಯಾರು ಹೊರುತ್ತಾರೆ? ಈಗ ಅವಳೂ ತಮ್ಮನ ಥರದ್ದೇ ಒಯ್ಯುತ್ತಾಳೆ, ಮುಖ ಸಣ್ಣಗೆ ಮಾಡಿಕೊಂಡು.

ಒಂಟಿ ಪದರದ್ದಕ್ಕೂ ದೋಷ ಇಲ್ಲವೆಂದಲ್ಲ. ತಣ್ಣೀರು ಹಾಕಿದರೆ ಹೊರಗೆಲ್ಲ ಬೆವರುತ್ತದೆ. ಬಿಸಿನೀರು ಹಾಕಿದರೆ ಹಿಡಿಯಲಾಗುವುದಿಲ್ಲ. ಕುದಿಯುವ ನೀರು ತುಂಬಿಸಿ ಬಿಗಿಯಾಗಿ ಮುಚ್ಚಿಬಿಟ್ಟರೆ, ತಣಿದಂತೆ ಒಳಗಿನ ಹಬೆ ನೀರಾಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಭೀಮ ಬಂದರೂ ಬಿಚ್ಚಲಾಗದು. ಮುಚ್ಚಳದ ಸುತ್ತ ಬಿಸಿನೀರು ಸುರಿದು, ಬಟ್ಟೆ ಹಿಡಿದು ತಿರುಗಿಸಿದರೆ ಬರುತ್ತದೆ.

ಇನ್ನು ಸ್ಟೀಲಿನ ವಿಚಾರ. ಪಾತ್ರೆ ಅಂಗಡಿಯಲ್ಲಿ ಎಲ್ಲರೂ ಹೇಳುವುದು 304 ಅನ್ನೋ ಗ್ರೇಡು. ಅಂದರೆ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಡಬ್ಬದ ಮೇಲೆ 18/8 ಅಂತ ಬರೆದಿರುವುದೂ ಅದೇ. ಕಡಿಮೆ ದುಡ್ಡಿನದು 202, ಅದರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ಉಪ್ಪು, ಹುಳಿ ತಾಗಿದರೆ ಇದಕ್ಕೆ ಬೇಗ ಕಲೆ ಬೀಳುತ್ತದೆ. ನಾನು ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ಕಿತ್ತುಕೊಂಡು ಬಂದು, “ರೀ, ಇದು ಅಂಟಲಿಲ್ಲ, ಅಂದ್ರೆ 304 ಅಲ್ವಾ?” ಅಂದೆ. ನಮ್ಮವರು ನಕ್ಕರು. “202ಕ್ಕೂ ಅಂಟಲ್ಲ ಕಣೇ. ಇನ್ನು 304 ಶೀಟನ್ನೇ ಎಳೆದು ಬಗ್ಗಿಸಿದ ಜಾಗದಲ್ಲಿ, ಕುತ್ತಿಗೆ ಹತ್ತಿರ, ಥ್ರೆಡ್ ಹತ್ತಿರ, ಸ್ವಲ್ಪ ಅಂಟಲೂಬಹುದು. ಮ್ಯಾಗ್ನೆಟ್ ನಂಬಿಕೊಂಡು ಜಗಳ ಆಡೋಕೆ ಹೋಗಬೇಡ.”

ನಮ್ಮಂಥವರಿಗೆ ಗ್ರೇಡು ಮನೆಯಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ನೋಡಲು ಆಗುವುದು ಐಎಸ್‌ಐ ಗುರುತು. 2023ರಲ್ಲಿ ಕೇಂದ್ರ ಸರ್ಕಾರ ಕುಡಿಯುವ ನೀರಿನ ಬಾಟಲಿಗೆ ಇದನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಸ್ಟೀಲ್, ತಾಮ್ರ, ಅಲ್ಯೂಮಿನಿಯಂ ಬಾಟಲಿಗೆ ಐಎಸ್ 17803, ಸ್ಟೀಲ್ ವ್ಯಾಕ್ಯೂಮ್ ಫ್ಲಾಸ್ಕಿಗೆ ಐಎಸ್ 17526. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಲೈಸೆನ್ಸು, ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ದುಡ್ಡು ಕೊಡುವವರು ನಾವು ತಾನೇ.

ಯಜಮಾನರದ್ದು ಅರ್ಧ ಲೀಟರಿನ ವ್ಯಾಕ್ಯೂಮ್ ಬಾಟಲಿ, ರಾತ್ರಿ ಶಿಫ್ಟಿಗೆ. ಎರಡು ಗೋಡೆ, ನಡುವೆ ಗಾಳಿ ತೆಗೆದಿರುತ್ತಾರೆ. ಬಿಸಿ ದಾಟಿ ಹೋಗುವುದು ಬಹಳ ಕಷ್ಟ. ಹೆಚ್ಚಾಗಿ ದಾರಿ ಉಳಿಯುವುದು ಕುತ್ತಿಗೆಯಲ್ಲಿ. ಎರಡೂ ಗೋಡೆ ಕೂಡುವುದು ಅಲ್ಲೇ, ಮೇಲೆ ಕೂರುವುದು ಮತ್ತೆ ನಮ್ಮ ಮುಚ್ಚಳವೇ. ಮುಚ್ಚಳ ತೆಳ್ಳಗಿದ್ದರೆ ಬಿಸಿ ಅಲ್ಲಿಂದಲೇ ಹೋಗುತ್ತದೆ. ಒಳಗೆ ಟೊಳ್ಳು ಬಿಟ್ಟೋ ಥರ್ಮಾಕೋಲ್ ಥರದ್ದು ತುಂಬಿಯೋ ದಪ್ಪಗೆ ಮಾಡಿದ ಮುಚ್ಚಳ ಇರಬೇಕು.

ಮೊದಲು ತಂದದ್ದು ಆನ್‌ಲೈನಿನಲ್ಲಿ. ಕಂಪನಿಯ ಹೆಸರು ಬೇಡ. ವಾಷರ್ ಹರಿಯಿತು. ಅದೊಂದೇ ಸಿಗುವುದಿಲ್ಲ, ಪೂರ್ತಿ ಮುಚ್ಚಳವೂ ಸ್ಟಾಕ್ ಇಲ್ಲ, ಹೊಸ ಬಾಟಲಿ ತಗೊಳ್ಳಿ ಎಂಬ ಉತ್ತರ ಬಂತು. ಹತ್ತು ರೂಪಾಯಿಯ ರಬ್ಬರಿಗೆ ಸಾವಿರ ರೂಪಾಯಿಯ ಬಾಟಲಿ ಅಟ್ಟ ಸೇರಿತು. ಈಗಿನದನ್ನು ಚಿಕ್ಕಪೇಟೆ ಕಡೆಯ ಪಾತ್ರೆ ಅಂಗಡಿಯಲ್ಲಿ ತಂದದ್ದು. ಅಂಗಡಿಯವರು ಕೇಳದೆಯೇ ನೀರು ತುಂಬಿಸಿ, ತಲೆಕೆಳಗೆ ಮಾಡಿ, ಎರಡು ಸಲ ಕುಲುಕಿ ತೋರಿಸಿದರು. ಬಿಡಿ ವಾಷರ್ ಇದೆಯಾ ಅಂದಿದ್ದಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಅಳತೆ ಹೊಂದಿಸಿ ಎರಡು ಕೊಟ್ಟರು. ಆ ಡಬ್ಬಿ ನೋಡಿಯೇ ನಾನು ಬಾಟಲಿ ತಗೊಂಡಿದ್ದು.

ಮನೆಗೆ ತಂದ ಮೇಲೆ ಕುದಿಯುವ ನೀರು ತುಂಬಿಸಿ ಐದು ನಿಮಿಷ ಬಿಡಿ. ಕುತ್ತಿಗೆ ಬಿಟ್ಟು ಉಳಿದ ಹೊರಮೈ ತಣ್ಣಗಿದ್ದರೆ ವ್ಯಾಕ್ಯೂಮ್ ಸರಿ ಇದೆ. ಕೈಗೆ ಬೆಚ್ಚಗೆ ತಾಗಿದರೆ ಹೋಗಿದೆ ಅಂತ ಅರ್ಥ, ರಿಪೇರಿ ಇಲ್ಲ, ಅವತ್ತೇ ವಾಪಸ್ ಕೊಡಿ. ಜೋರಾಗಿ ಬಿದ್ದು ನೆಗ್ಗಿದ ಬಾಟಲಿಗೂ ಇದೇ ಪರೀಕ್ಷೆ. ಕಾಫಿ ಹಾಕುವ ಮೊದಲು ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ಚೆಲ್ಲಿದರೆ ಬಿಸಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಹಾಲು ಹಾಕಿದ ಕಾಫಿಯನ್ನು ರಾತ್ರಿಯಿಡೀ ಇಡುವಂತಿಲ್ಲ. 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಆಯಿತೆಂದರೆ ಕ್ರಿಮಿಗಳಿಗೆ ಹಬ್ಬ. ನಮ್ಮವರು ಈಗ ಬರೀ ಡಿಕಾಕ್ಷನ್ ಒಯ್ಯುತ್ತಾರೆ, ಹಾಲು ಕ್ಯಾಂಟೀನಿನಲ್ಲಿ.

ಮಾವನಿಗೆ ತಾಮ್ರ. “ನಮ್ಮ ಕಾಲದಲ್ಲಿ ಯಾವ ಫಿಲ್ಟರ್ ಇತ್ತಮ್ಮಾ?” ಎಂಬುದು ಅವರ ವಾದ. ಅವರು ಹೇಳುವುದರಲ್ಲಿ ಹುರುಳಿದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಬೆಂಗಳೂರಿನ ಸಂಸ್ಥೆಯಲ್ಲೇ ನಡೆದದ್ದು. ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತವು, ನೀರಿಗೆ ಇಳಿದ ತಾಮ್ರವೂ ಮಿತಿಯೊಳಗೇ ಇತ್ತು. ಮಾವ ರಾತ್ರಿ ಹತ್ತಕ್ಕೆ ತುಂಬಿ ಬೆಳಿಗ್ಗೆ ಆರಕ್ಕೆ ಕುಡಿಯುತ್ತಾರೆ, ಅದು ಎಂಟೇ ಗಂಟೆ. ಹಾಗಾಗಿ ನಾನು ಫಿಲ್ಟರ್ ನೀರನ್ನೇ ತುಂಬಿಸಿ ಇಡುತ್ತೇನೆ. ಇಬ್ಬರಿಗೂ ಸಮಾಧಾನ.

ಆದರೆ ತಾಮ್ರದ ‘ಬಾಟಲಿ’ ಮಾತ್ರ ಬೇಡ ಅನ್ನುತ್ತೇನೆ. ತಾಮ್ರವನ್ನು ಹುಣಸೆಹಣ್ಣು, ಉಪ್ಪು ಹಾಕಿ ಒಳಗೂ ತಿಕ್ಕಬೇಕು. ಆ ಸಪೂರ ಕುತ್ತಿಗೆಯೊಳಗೆ ಯಾರ ಕೈ ಹೋಗುತ್ತದೆ? ಹೊರಗೆ ಕನ್ನಡಿ, ಒಳಗೆ ಕಿಲುಬು. ಮೇಲೆ ಲೋಟ ಕವುಚಿ ಮುಚ್ಚುವ ಚೊಂಬು ತಂದುಬಿಡಿ, ಎರಡು ನಿಮಿಷದ ಕೆಲಸ. ನಿಂಬೆ ಪಾನಕ, ಮಜ್ಜಿಗೆ, ಹುಳಿಯ ಯಾವುದನ್ನೂ ತಾಮ್ರಕ್ಕೆ ಹಾಕಬಾರದು. ಹುಳಿಗೆ ತಾಮ್ರ ಕರಗುತ್ತದೆ, ಹೊಟ್ಟೆ ತೊಳಸುತ್ತದೆ. ಮಜ್ಜಿಗೆಗೆ ಸ್ಟೀಲೇ ಸರಿ, ಅದೂ ಮಧ್ಯಾಹ್ನದೊಳಗೆ ಖಾಲಿ ಮಾಡುವುದಾದರೆ.

ಬೋರ್‌ವೆಲ್ ನೀರಿನ ಬಿಳಿ ಪೊರೆಗೆ ನಾನು ದುಡ್ಡು ಖರ್ಚು ಮಾಡುವುದಿಲ್ಲ. ಹಿಂಡಿ ಉಳಿದ ನಿಂಬೆ ಹೋಳು ಸ್ಟೀಲ್ ಬಾಟಲಿಗೆ ಹಾಕಿ, ಬಿಸಿನೀರು ತುಂಬಿ, ಮುಚ್ಚಳ ಹಾಕದೆ ಅರ್ಧ ಗಂಟೆ ಬಿಟ್ಟರೆ ಸಡಿಲವಾಗುತ್ತದೆ. ವಾಸನೆಗೆ ಅಡುಗೆ ಸೋಡಾ. ಕಬ್ಬಿಣದ ನಾರು ಮಾತ್ರ ಮುಟ್ಟಿಸಬೇಡಿ. ಅದರ ಚೂರು ಅಂಟಿಕೊಂಡು ತುಕ್ಕು ಹಿಡಿಯುತ್ತದೆ, ಆಮೇಲೆ ಬಾಟಲಿಯೇ ತುಕ್ಕು ಹಿಡಿಯಿತು ಅಂತ ಅಂಗಡಿಯವರನ್ನು ಬೈಯುತ್ತೇವೆ.

ಶಾಲೆಗೆ ಹೋಗುವ ಬಾಟಲಿಗೆ ಅಂಗಡಿಯಲ್ಲೇ ಹೆಸರು ಹಾಕಿಸಿ. ಬಹಳ ಕಡೆ ಪುಕ್ಕಟೆ, ಮಿಷನ್ ಹಿಡಿದು ಟರ್ರ್ ಅಂತ ಒಂದೇ ನಿಮಿಷದಲ್ಲಿ ಬರೆಯುತ್ತಾರೆ. ಮುಚ್ಚಳದ ಮೇಲೂ ಹಾಕಿಸಿ, ಸ್ಕೂಲಿನಲ್ಲಿ ಅದಲುಬದಲಾಗುವುದು ಬಾಟಲಿಗಿಂತ ಅದೇ ಜಾಸ್ತಿ. ವ್ಯಾಕ್ಯೂಮ್ ಬಾಟಲಿಗೆ ಹಾಕಿಸುವುದಾದರೆ ಬುಡ ಬಿಟ್ಟು ಪಕ್ಕದಲ್ಲಿ ಮೆಲ್ಲಗೆ ಗೀರಲು ಹೇಳಿ. ಗಾಳಿ ತೆಗೆದು ಸೀಲ್ ಮಾಡಿರುವ ಜಾಗ ಹೆಚ್ಚಾಗಿ ಬುಡದಲ್ಲೇ ಇರುತ್ತದೆ.