ಅಪ್ಪನಿಗೆ ಸೆಟುಕ್ಸಿಮಾಬ್, ಚಿಕ್ಕಮ್ಮನಿಗೆ ಬೆವಾಸಿಝುಮಾಬ್

ಎರಡು ವರ್ಷದಲ್ಲಿ ನಮ್ಮ ಮನೆಯ ಇಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಇಬ್ಬರಿಗೂ ಲಿವರ್‌ಗೆ ಹರಡಿತ್ತು. ಕೀಮೋ ಒಂದೇ, ಫಾಲ್‌ಫಾಕ್ಸ್ ಅನ್ನೋ ಔಷಧಿಗಳ ಮಿಶ್ರಣ, ಎರಡು ವಾರಕ್ಕೊಮ್ಮೆ (ಒಂದು ಸಲಕ್ಕೆ ಒಂದು ಸೈಕಲ್ ಅಂತಾರೆ). 46 ಗಂಟೆ ಔಷಧಿ ಹನಿಸುವ ಪಂಪನ್ನು ಬಟ್ಟೆಚೀಲದಲ್ಲಿ ಕೊರಳಿಗೆ ಹಾಕಿಕೊಂಡೇ ಇರಬೇಕು. ತಣ್ಣಗಿನ ಸ್ಟೀಲ್ ಲೋಟ ಮುಟ್ಟಿದರೂ ಬೆರಳು ಜುಮ್ಮೆನ್ನುತ್ತದೆ. ಜೊತೆಗೆ ಕೊಟ್ಟ ಆ್ಯಂಟಿಬಾಡಿ (ಒಂದೇ ಗುರಿಗೆ ಅಂಟಿಕೊಳ್ಳುವ ಪ್ರೊಟೀನ್ ಔಷಧಿ) ಮಾತ್ರ ಬೇರೆ ಬೇರೆ: ಅಪ್ಪನಿಗೆ ಸೆಟುಕ್ಸಿಮಾಬ್, ಚಿಕ್ಕಮ್ಮನಿಗೆ ಬೆವಾಸಿಝುಮಾಬ್.

ಯಾವುದು ಒಳ್ಳೇದು ಅಂತ ತುಂಬ ಜನ ಕೇಳಿದ್ದಾರೆ. ಗಡ್ಡೆ ಕರುಳಿನ ಯಾವ ಕಡೆ ಇದೆ, ಕಣಕ್ಕೆ ಬೆಳೆ ಅಂತ ಹೇಳುವ ರಾಸ್ ಜೀನ್ ಕೆಟ್ಟಿದೆಯಾ ಅನ್ನೋದು ತಿಳಿಯದೆ ಉತ್ತರ ಹೇಳೋಕಾಗಲ್ಲ. ಸೆಟುಕ್ಸಿಮಾಬ್ ಕ್ಯಾನ್ಸರ್ ಕಣದ ಇಜಿಎಫ್‌ಆರ್ ಅನ್ನೋ ಬಾಗಿಲನ್ನು ಮುಚ್ಚುತ್ತದೆ. ರಾಸ್ ಕೆಟ್ಟಿದ್ದರೆ ಒಳಗೇ ಸ್ವಿಚ್ ಆನ್ ಆಗಿರುತ್ತದೆ, ಬಾಗಿಲು ಮುಚ್ಚಿ ಉಪಯೋಗವಿಲ್ಲ. ಬೆವಾಸಿಝುಮಾಬ್ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದ ಹಾಗೆ ತಡೆಯುತ್ತದೆ, ರಾಸ್ ಹೇಗಿದ್ದರೂ ಕೊಡಬಹುದು. ಅಪ್ಪನದು ಎಡಗಡೆ, ರಾಸ್ ಸರಿಯಿತ್ತು. ಚಿಕ್ಕಮ್ಮನದು ಬಲಗಡೆ, ರಾಸ್ ಕೆಟ್ಟಿತ್ತು. ಜಪಾನಿನ ಪ್ಯಾರಡೈಮ್ ಅಧ್ಯಯನದಲ್ಲಿ ಎಡಗಡೆಯ ಗಡ್ಡೆಯವರು ಪಾನಿಟುಮುಮಾಬ್ (ಸೆಟುಕ್ಸಿಮಾಬ್ ಜಾತಿಯದೇ) ತಗೊಂಡಾಗ ಬದುಕಿದ ಅವಧಿಯ ಮಧ್ಯಮಾಂಕ 37.9 ತಿಂಗಳು, ಬೆವಾಸಿಝುಮಾಬ್‌ನಲ್ಲಿ 34.3.

ಅಪ್ಪನ ಚರ್ಮ ಮಾತ್ರ ಬಹಳ ನೊಂದಿತು. ಎರಡನೇ ವಾರಕ್ಕೇ ಮುಖ, ಎದೆ ತುಂಬ ಕೀವುಗುಳ್ಳೆ. ಆಮೇಲೆ ಉಗುರುಸುತ್ತು. ಎಪ್ಪತ್ತು ವರ್ಷ ಸಾರನ್ನ ಕೈಯಲ್ಲೇ ಕಲಸಿ ಉಂಡವರು ಚಮಚ ಹಿಡಿದರು, ನನಗೆ ನೋಡೋಕಾಗುತ್ತಿರಲಿಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೊದಲ ದಿನದಿಂದಲೇ ಶುರು ಮಾಡಬಹುದಂತೆ. ನಮಗೆ ಹೇಳಿದ್ದು ಗುಳ್ಳೆ ಎದ್ದಮೇಲೆ. ಆ ಬೇಸರ ಇನ್ನೂ ಹೋಗಿಲ್ಲ. ಮೆಗ್ನೀಸಿಯಮ್ ಇಳಿದು ರಾತ್ರಿ ಕಾಲು ಹಿಡಿದುಕೊಳ್ಳುತ್ತಿತ್ತು, ರಕ್ತಪರೀಕ್ಷೆಯಲ್ಲಿ ಅದನ್ನೂ ನೋಡಿ ಅಂತ ಕೇಳಿ.

ಚಿಕ್ಕಮ್ಮನ ಮುಖದಲ್ಲಿ ಒಂದು ಕಲೆಯೂ ಇಲ್ಲ. ಆದರೆ ಮೂರನೇ ಸೈಕಲ್‌ಗೆ ಬಿ.ಪಿ. 170 ದಾಟಿತು, ಆಗಾಗ ಮೂಗಲ್ಲಿ ರಕ್ತ. ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯಾ ಅಂತ ಆಗಾಗ ಪರೀಕ್ಷೆ. ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲೇ ಬೆವಾಸಿಝುಮಾಬ್ ನಿಲ್ಲಿಸಬೇಕು. ಹಲ್ಲು ಕೀಳಿಸೋಕೆ ಹೊರಟಿದ್ದವರನ್ನು ನಾನೇ ತಡೆದು ಮೊದಲು ಡಾಕ್ಟರಿಗೆ ಫೋನ್ ಮಾಡಿಸಿದೆ. ಇಲ್ಲಿನ ಕಂಪನಿಗಳ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ನಕಲು) ಸಿಗುವುದರಿಂದ ಅವರ ಬಿಲ್ ಅಪ್ಪನದಕ್ಕಿಂತ ಎಷ್ಟೋ ಕಡಿಮೆ ಬಂತು.

ಅಪ್ಪನ ಬಯಾಪ್ಸಿ ಬ್ಲಾಕ್ (ಮೇಣದಲ್ಲಿಟ್ಟ ಗಡ್ಡೆಯ ಚೂರು) ಕಳಿಸಿದ ಲ್ಯಾಬು ಮೊದಲು ರಾಸ್‌ನ ಒಂದು ವಿಧವಾದ ಕೆ-ರಾಸ್ ಒಂದನ್ನೇ ನೋಡಿ ಕೊಟ್ಟಿತು. ಇನ್ನೊಂದು ವಿಧವಾದ ಎನ್-ರಾಸ್, ಅದೇ ಸ್ವಿಚ್ ಸಾಲಿನ ಬಿ-ರಾಫ್ ಜೀನ್‌ಗೆ ಮತ್ತೆ ಬ್ಲಾಕ್ ಕಳಿಸಿ ಮೂರು ವಾರ ಕಾದೆವು. ಅಷ್ಟರಲ್ಲಿ ಎರಡು ಸೈಕಲ್ ಬರೀ ಕೀಮೋ ನಡೆಯಿತು. ದುಡ್ಡು ಕಟ್ಟುವಾಗಲೇ ಮೂರೂ ಬರೆದಿದೆಯಾ ನೋಡಿಕೊಳ್ಳಿ.